ಬೇಡ ಅನ್ನಿ ಮಾವ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಯಾರಾದರೂ ವಿದೇಶಕ್ಕೆ ಹೊರಟರೆ ಮನೆಯ ಚಾವಡಿಯಲ್ಲಿ ವಾರಗಟ್ಟಲೆ ತೂಕದ್ದೇ ಮಾತು. 23 ಕಿಲೋದ ಪೆಟ್ಟಿಗೆಗೆ ಮಾವಿನ ಮಿಡಿ ಉಪ್ಪಿನಕಾಯಿ ಎಷ್ಟು ಹಿಡಿಸೀತು, ಹಲಸಿನ ಹಪ್ಪಳ ನೂರು ಸಾಕೋ ಇನ್ನೂರು ಬೇಕೋ, ತೆಂಗಿನೆಣ್ಣೆ ಬಾಟ್ಲಿಯ ಬಾಯಿಗೆ ಪ್ಲಾಸ್ಟಿಕ್ ಎಷ್ಟು ಸುತ್ತು ಬಿಗಿಯಬೇಕು, ಕುಚ್ಚಲಕ್ಕಿ ಅಡಿಯಲ್ಲೋ ಮೇಲೋ ಎಂಬುದನ್ನೆಲ್ಲ ನೆರೆಕರೆಯವರು ಸೇರಿ ತೀರ್ಮಾನಿಸುತ್ತಾರೆ. ಉಪ್ಪಿನಕಾಯಿಯ ರಸ ಸೋರಿ ಯಾರದೋ ಧಾರೆ ಸೀರೆ ಹಾಳಾದ ಕಥೆಯನ್ನು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ದುಡ್ಡಿನ ವಿಷಯ ಬಂದಾಗ ಮಾತ್ರ ಚರ್ಚೆ ಅರ್ಧ ನಿಮಿಷಕ್ಕೆ ಮುಗಿಯುತ್ತದೆ. “ಎಟಿಎಂ ಕಾರ್ಡ್ ಉಂಟಲ್ಲ?” “ಉಂಟು.” ಅಲ್ಲಿಗೆ ಆಯಿತು. ಉಪ್ಪಿನಕಾಯಿಯ ಬಗ್ಗೆ ಇರುವ ಸಂಶಯದ ನೂರರಲ್ಲೊಂದು ಪಾಲೂ ಆ ಕಾರ್ಡಿನ ಬಗ್ಗೆ ಯಾರಿಗೂ ಇರುವುದಿಲ್ಲ.

ಇಷ್ಟೊಂದು ನಂಬಿಕೆಗೆ ಕಾರಣವೂ ಇದೆ ಎನ್ನಿ. ಅವಿಭಜಿತ ದಕ್ಷಿಣ ಕನ್ನಡದವರಿಗೆ ಬ್ಯಾಂಕೆಂದರೆ ಮನೆಯ ಪೈಕಿ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಬೀಜ ಹಾಕಿದರು; ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ. 1924ಕ್ಕೆ ಕರ್ಣಾಟಕ ಬ್ಯಾಂಕ್, 1925ಕ್ಕೆ ಸಿಂಡಿಕೇಟ್, 1931ಕ್ಕೆ ವಿಜಯಾ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರು ಮಾಡಿ, ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಬಂದು ಎತ್ತಿಕೊಂಡು ಹೋದರು. ನಮ್ಮ ಪುತ್ತೂರಿನಲ್ಲಿ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು ಸಹಕಾರಿ ಸಂಘಗಳನ್ನು ಕಟ್ಟಿದವರು. ಇಂಥ ಊರಿನವರು ಬ್ಯಾಂಕಿನವರನ್ನು ಸಂಶಯದಿಂದ ನೋಡುವುದಾದರೂ ಹೇಗೆ? 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾದೊಳಗೆ ಹೋಯಿತು, ಮರುವರ್ಷ ಅದೇ ದಿನ ಸಿಂಡಿಕೇಟು ಕೆನರಾದೊಳಗೆ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿನೊಳಗೆ. ಏಪ್ರಿಲ್ ಒಂದಾದ್ದರಿಂದ ನಮ್ಮವರು ಅದನ್ನು ಪೂರ್ತಿ ನಂಬಲಿಲ್ಲವೋ ಏನೋ, “ವಿಜಯಾ ಬ್ಯಾಂಕಿಗೆ ಹೋಗಿ ಬರ್ತೇನೆ” ಎಂದು ಇವತ್ತಿಗೂ ಮನೆಯಿಂದ ಹೊರಡುವವರಿದ್ದಾರೆ. ಸರಿಯಾದ ಜಾಗಕ್ಕೇ ಹೋಗಿ ಮುಟ್ಟುತ್ತಾರೆ ಕೂಡ.

ಕಾರ್ಡಿನ ಎದುರು ಭಾಗವನ್ನು ಎಲ್ಲರೂ ನೋಡುತ್ತಾರೆ. ನನಗೆ ಬೆನ್ನು ಓದುವ ಚಟ. ಕನ್ನಡಕ ಹಾಕಿದರೂ ಬೆಳಕಿಗೆ ಹಿಡಿಯಬೇಕು, ಅಷ್ಟು ಸಣ್ಣ ಅಕ್ಷರ. ಹಿಂದೊಮ್ಮೆ ನನ್ನ ಕಿಸೆಯಲ್ಲಿದ್ದ ಕಾರ್ಡಿನಲ್ಲಿ ಭಾರತ ಮತ್ತು ನೇಪಾಳದಲ್ಲಿ ಮಾತ್ರ ನಡೆಯುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ನೇಪಾಳಕ್ಕೆ ಹೋಗುವವನೆಂದು ಬ್ಯಾಂಕಿನವರಿಗೆ ಯಾರು ಹೇಳಿದರೋ! ಅದರ ಅವಧಿ ಮುಗಿದು ಹೊಸ ಕಾರ್ಡು ಬಂತು. ಅದರ ಬೆನ್ನಿನಲ್ಲಿ ಲೋಕದಲ್ಲೆಲ್ಲ ನಡೆಯುತ್ತದೆ, ಆದರೆ ನೇಪಾಳ ಮತ್ತು ಭೂತಾನದಲ್ಲಿ ವಿದೇಶಿ ವಿನಿಮಯಕ್ಕೆ ಆಗದು ಎಂದಿತ್ತು. ಒಂದರಲ್ಲಿ ನೇಪಾಳ ಮಾತ್ರ ಪರದೇಶ. ಇನ್ನೊಂದರಲ್ಲಿ ನೇಪಾಳ, ಭೂತಾನಗಳನ್ನು ಬಿಟ್ಟು ಜಗತ್ತೆಲ್ಲ ಪರದೇಶ. ವಿಚಾರಿಸಿದರೆ ಇದರ ಹಿಂದೆ ಲೆಕ್ಕವೂ ಇದೆ. ಆ ಎರಡು ದೇಶಗಳ ಜತೆ ನಮ್ಮ ವ್ಯವಹಾರ ರೂಪಾಯಿಯಲ್ಲೇ ನಡೆಯುತ್ತದೆ. ಭೂತಾನದ ದುಡ್ಡು ನಮ್ಮ ರೂಪಾಯಿಗೆ ಸರಿಸಮ. ನೇಪಾಳದ 1 ರೂಪಾಯಿ 60 ಪೈಸೆ ಕೊಟ್ಟರೆ ನಮ್ಮದೊಂದು ರೂಪಾಯಿ. ಡಾಲರಿನ ಹಂಗು ಅಲ್ಲಿಲ್ಲ. ಕಾಠ್ಮಂಡುವಿನಲ್ಲಿ ಪಶುಪತಿನಾಥನ ದರ್ಶನಕ್ಕೆ ಹೋಗುವವರು ಇದನ್ನೆಲ್ಲ ಓದಿಕೊಂಡು ಹೋಗಬೇಕೆಂದೇನಿಲ್ಲ. ಓದಿದರೆ ನಷ್ಟವೂ ಇಲ್ಲ.

ನಮ್ಮ ಹಿರಿಯರ ಕಾಲದಲ್ಲಿ ಪರದೇಶಕ್ಕೆ ಹೊರಟವನ ಕೈಗೆ ಸರಕಾರ ದುಡ್ಡು ಕೊಡುತ್ತಿದ್ದದ್ದು ಹರಿವಾಣದಲ್ಲಿ ಅಲ್ಲ, ಉದ್ಧರಣೆಯಲ್ಲಿ. ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು ಯುರೋಪು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ ಬರೆದ ದಿನಗಳಲ್ಲಿ ಎಟಿಎಂ ಎನ್ನುವ ವಸ್ತುವೇ ಲೋಕದಲ್ಲಿರಲಿಲ್ಲ. ಅರುವತ್ತರ ದಶಕದ ಕೊನೆಯಲ್ಲಿ ವಿದೇಶಕ್ಕೆ ಹೋದ ಭಾರತೀಯರ ನೆನಪುಗಳಲ್ಲೆಲ್ಲ ಎಂಟು ಡಾಲರ್ ಬಂದೇ ಬರುತ್ತದೆ. ಕಿಸೆಯಲ್ಲಿ ಒಯ್ಯಲು ಬಿಡುತ್ತಿದ್ದದ್ದು ಅಷ್ಟೇ. ಅದರಲ್ಲಿ ಒಂದು ಊಟ, ಒಂದು ಟ್ಯಾಕ್ಸಿ, ಮತ್ತೆ ದೇವರೇ ಗತಿ. 1973ರ ‘ಫೆರಾ’ ಕಾಯಿದೆಯಂತೂ ಡಾಲರನ್ನು ಗಂಧದ ಮರದ ಹಾಗೆ ಕಾಯುತ್ತಿತ್ತು. ಅದು ಹೋಗಿ 2000ದ ಜೂನ್‌ನಲ್ಲಿ ‘ಫೆಮಾ’ ಬಂತು. 2004ರಲ್ಲಿ ಒಬ್ಬೊಬ್ಬರು ವರ್ಷಕ್ಕೆ 25,000 ಡಾಲರ್ ಹೊರಗೆ ಒಯ್ಯಬಹುದು ಎಂದಾಯಿತು. ಈಗ ಆ ಮಿತಿ 2,50,000 ಡಾಲರ್. ಅಷ್ಟು ದುಡ್ಡಿದ್ದರೆ ಯಾರು ಎಟಿಎಂ ಎದುರು ಕ್ಯೂ ನಿಲ್ಲುತ್ತಾರೆ ಎಂಬುದು ಬೇರೆ ಮಾತು.

ಗಲ್ಫಿಗೆ ಹೋದ ನಮ್ಮ ಕಡೆಯ ಹುಡುಗರದು ತಿರುಗು ಮುರುಗು ಕಥೆ. ಹಿಂದೆ ರಿಜಿಸ್ಟರ್ಡ್ ಲಕೋಟೆಯಲ್ಲಿ ಡ್ರಾಫ್ಟ್ ಬರುತ್ತಿತ್ತು. ಪೋಸ್ಟ್‌ಮ್ಯಾನಿಗೆ ಒಂದು ಲೋಟ ಪಾನಕ, ಅಮ್ಮನ ಕಣ್ಣಲ್ಲಿ ಎರಡು ಹನಿ. ಈಗ ದುಡ್ಡು ಖಾತೆಗೇ ಬಂದು ಬೀಳುತ್ತದೆ. ಆದರೆ ಅವರ ಎಟಿಎಂ ಕಾರ್ಡು ಮಾತ್ರ ವಿಮಾನ ಹತ್ತುವುದೇ ಇಲ್ಲ. ಮಾಲೀಕ ದುಬೈಯಲ್ಲಿ, ಕಾರ್ಡು ಕಡಬದಲ್ಲಿ! ನನ್ನ ಪರಿಚಯದ ಒಬ್ಬ ತಾಯಿ ಮಗನ ಕಾರ್ಡನ್ನು ರೇಷನ್ ಕಾರ್ಡಿನ ಕವರಿನಲ್ಲಿಟ್ಟಿದ್ದಾರೆ. ಪಿನ್ ನಂಬ್ರ ಅದೇ ಕವರಿನ ಮೇಲೆ, ಮರೆಯಬಾರದೆಂದು ದಪ್ಪ ಅಕ್ಷರದಲ್ಲಿ. “ಇದನ್ನು ಯಾರಿಗೂ ಹೇಳಬಾರದಂತಲ್ಲ ಅಮ್ಮ” ಎಂದೆ. “ನಾನು ಯಾರಿಗೂ ಹೇಳುವುದಿಲ್ಲ, ಆಟೋದ ಹುಡುಗನಿಗೆ ತೋರಿಸುವುದು ಮಾತ್ರ” ಎಂದರು. ಕಡಬದ ಪೇಟೆಯಲ್ಲಿ ಯಂತ್ರ ನೋಟು ಎಣಿಸಿ ಹೊರಗೆ ಹಾಕಿದ ಗಳಿಗೆಯಲ್ಲೇ ದುಬೈಯಲ್ಲಿ ಮಗನ ಫೋನು ಟಿಣ್ ಎನ್ನುತ್ತದೆ. ಕೂಡಲೇ ಅವನ ಕರೆ ಬರುತ್ತದೆ: “ಅಮ್ಮ, ಎರಡು ಸಾವಿರ ಯಾಕೆ? ಹುಷಾರಿಲ್ವಾ?” ಹಾಗೆ ನೋಡಿದರೆ ಇಲ್ಲಿಂದ ಅಲ್ಲಿಗೆ ಕ್ಷೇಮ ಸಮಾಚಾರ ಮುಟ್ಟಿಸಲು ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಅಂದ ಹಾಗೆ ಆ ನಂಬ್ರ ನಾಲ್ಕೇ ಅಂಕೆಯದು ಯಾಕೆ? ಲಂಡನಿನ ಎನ್‌ಫೀಲ್ಡಿನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ಗೋಡೆಗೆ 1967ರ ಜೂನ್ 27ರಂದು ಕೂರಿಸಿದ ದುಡ್ಡಿನ ಯಂತ್ರದ ಹಿಂದಿದ್ದವರು ಜಾನ್ ಶೆಫರ್ಡ್ ಬ್ಯಾರನ್. ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ, 1925ರಲ್ಲಿ. ಆರು ಅಂಕೆಯ ನಂಬ್ರ ಇಡೋಣವೆಂದು ಅವರು ಯೋಚಿಸಿದ್ದರಂತೆ. ಅಡುಗೆಮನೆಯ ಮೇಜಿನೆದುರು ಹೆಂಡತಿಯನ್ನು ಕೇಳಿದಾಗ “ನನಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರುವುದಿಲ್ಲ” ಎಂದರಂತೆ. ಅಲ್ಲಿಗೆ ಲೋಕದ ಬಹುಪಾಲಿಗೆ ನಾಲ್ಕು ಅಂಕೆ ಸಾಕಾಯಿತು. ಇದು ಅವರೇ ಹೇಳಿಕೊಂಡ ಕಥೆ. ಆ ಯಂತ್ರ ಭಾರತಕ್ಕೆ ಬರಲು ಮತ್ತೆ ಇಪ್ಪತ್ತು ವರ್ಷ ಬೇಕಾಯಿತು. 1987ರಲ್ಲಿ ಮುಂಬಯಿಯಲ್ಲಿ ಎಚ್‌ಎಸ್‌ಬಿಸಿಯವರು ತಂದರು. ಇವತ್ತು ಪುತ್ತೂರಿನ ದರ್ಬೆಯಿಂದ ಬೊಳುವಾರಿಗೆ ನಡೆದು ಹೋದರೆ ಯಂತ್ರ ಸಿಗದವನಿಲ್ಲ. ಏಪ್ರಿಲ್ 17ರಂದು ಮಹಾಲಿಂಗೇಶ್ವರನ ಬ್ರಹ್ಮರಥೋತ್ಸವದ ರಾತ್ರಿ ಮಾತ್ರ ಯಂತ್ರ ಸಿಕ್ಕೀತು, ಅದರೊಳಗೆ ದುಡ್ಡು ಸಿಕ್ಕುವುದು ಅವರವರ ಯೋಗ.

ಇಷ್ಟು ಪೀಠಿಕೆ ಯಾಕೆಂದರೆ, ಗುತ್ತಿಗಾರು ಕಡೆಯ ನಮ್ಮ ಭಾವ ಒಂದು ಮಳೆಗಾಲದಲ್ಲಿ ಜರ್ಮನಿಗೆ ಹೋದರು. ಮಗಳ ಬಾಣಂತನಕ್ಕೆಂದು ಅಕ್ಕ ಮೊದಲೇ ಮ್ಯೂನಿಕ್ ಸೇರಿದ್ದಳು. ತೋಟಕ್ಕೆ ಒಂದು ಸಲ ಮದ್ದು ಬಿಟ್ಟಾದ ಮೇಲೆ ಭಾವ ಹೊರಟರು, ಎರಡನೆಯ ಸಲದ ಮೈಲುತುತ್ತು, ಸುಣ್ಣ, ಕೆಲಸದವರು ಎಲ್ಲವನ್ನೂ ನನ್ನ ಕೊರಳಿಗೆ ಕಟ್ಟಿ. ದುಡ್ಡಿನ ಮಾತೆತ್ತಿದಾಗ ಅಳಿಯ ಅಲ್ಲಿಂದ “ಇಲ್ಲಿ ನಾವಿದ್ದೇವಲ್ಲ ಮಾವ, ನೀವು ಎಂತ ತರುವುದೂ ಬೇಡ” ಎಂದಿದ್ದ. ಮಾವನಾದವನಿಗೆ ಅಷ್ಟು ಹೇಳಿದರೆ ಮುಗಿಯಿತು. “ಮಗಳ ಮನೆಯಲ್ಲಿ ಕೈಯೊಡ್ಡುವುದೆಂದರೆ ಎಂತ ಭಾವ? ಪುಳ್ಳಿಯ ಕೈಗೆ ಏನಾದರೂ ಇಡಬೇಕಾದರೆ ಅಳಿಯನ ಹತ್ತಿರ ಸಾಲ ಕೇಳುವುದಾ?” ಎಂದು ನನ್ನನ್ನೇ ಗದರಿಸಿ ಎಟಿಎಂ ಕಾರ್ಡನ್ನು ಪಾಸ್‌ಪೋರ್ಟಿನ ಜತೆ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡರು. ಮೊಬೈಲು ಎರಡಿತ್ತು. ಬ್ಯಾಂಕಿಗೆ ಕೊಟ್ಟ ನಂಬ್ರ ಇದ್ದದ್ದು ಹಳೆಯ ಬಟನ್ ಫೋನಿನಲ್ಲಿ. ರೋಮಿಂಗ್ ಎಂದು ಸುಮ್ಮನೆ ದುಡ್ಡು ಹೋದೀತೆಂದು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈಯನ್ನು ನನಗೆ ಕೊಟ್ಟದ್ದು ಮಾತ್ರ ದೈವದ ಅನುಗ್ರಹ.

ಜರ್ಮನಿಯವರು ಕಾರು ಮಾಡಿದರು, ಏನೇನೋ ಯಂತ್ರ ಮಾಡಿದರು, ಆದರೆ ನೋಟಿನ ಮೇಲಿನ ಪ್ರೀತಿ ಬಿಟ್ಟಿಲ್ಲ. ಅಲ್ಲಿ ಬ್ರೆಡ್ಡಿನ ಅಂಗಡಿಯಲ್ಲಿ ಕಾರ್ಡು ತೋರಿಸಿದರೆ ತಲೆಯಲ್ಲಾಡಿಸುವವರು ಈಗಲೂ ಇದ್ದಾರೆ. ರೈಲ್ವೆ ಸ್ಟೇಷನ್ನಿನ ಪಾಯಿಖಾನೆಗೆ ನಾಣ್ಯ ಹಾಕಬೇಕು. “ಇಲ್ಲಿ ಅದಕ್ಕೂ ನೂರು ರೂಪಾಯಿ ಭಾವ!” ಎಂದು ಭಾವ ಫೋನಿನಲ್ಲಿ ಹೇಳಿದಾಗ ಅವರ ಧ್ವನಿಯಲ್ಲಿದ್ದದ್ದು ಸಿಟ್ಟೋ ಗೌರವವೋ ತಿಳಿಯಲಿಲ್ಲ. ಇರಲಿ. ಎರಡು ದಿನ ಬಿಟ್ಟು ಒಬ್ಬರೇ ಎಟಿಎಂಗೆ ಹೋದರು. ಕಾರ್ಡು ಹಾಕಿದರು, ನಂಬ್ರ ಒತ್ತಿದರು; ಯಂತ್ರ ಆಲೋಚಿಸಿ ಕಾರ್ಡನ್ನು ಮರಳಿ ಚಾಚಿತು. ಮತ್ತೆ ಹಾಕಿದರೆ ಮತ್ತೆ ಹಾಗೆಯೇ. ಖಾತೆಯಲ್ಲಿ ಆ ವರ್ಷದ ಅಡಿಕೆಯ ದುಡ್ಡು ಮುಟ್ಟದೆ ಇತ್ತು.

ಕಾರಣ ಸರಳ. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಒಂದು ಆದೇಶ ಮಾಡಿದೆ, ಅದೇ ಅಕ್ಟೋಬರಿನಿಂದ ಜಾರಿಯಲ್ಲಿದೆ. ಹೊಸತಾಗಿ ಕೊಡುವ ಕಾರ್ಡು ದೇಶದೊಳಗಿನ ಎಟಿಎಂಗೆ ಮತ್ತು ಅಂಗಡಿಯ ಯಂತ್ರಕ್ಕೆ ಮಾತ್ರ ತೆರೆದಿರುತ್ತದೆ. ಹೊರದೇಶದ ಬಾಗಿಲು ಮುಚ್ಚಿರುತ್ತದೆ. ಬೇಕಾದವರು ಬ್ಯಾಂಕಿನ ಆ್ಯಪಿನಲ್ಲೋ ನೆಟ್ ಬ್ಯಾಂಕಿಂಗಿನಲ್ಲೋ ಎಟಿಎಂನಲ್ಲೋ ಅದನ್ನು ತೆರೆಯಬೇಕು, ದಿನಕ್ಕೆಷ್ಟು ಎಂದು ಮಿತಿ ಹಾಕಬೇಕು, ಬೇಡವಾದಾಗ ಮುಚ್ಚಬೇಕು. ಹಿಂದೊಮ್ಮೆಯೂ ಹೊರದೇಶದಲ್ಲಿ ಬಳಸದ ಹಳೆ ಕಾರ್ಡುಗಳಿಗೂ ಹೀಗೆಯೇ ಅಗುಳಿ ಬಿದ್ದಿದೆ. ಒಳ್ಳೆಯ ಆದೇಶ. ನಿಮ್ಮ ಕಾರ್ಡಿನ ನಕಲು ಮಾಡಿ ಎಲ್ಲೋ ಕುಳಿತು ದುಡ್ಡು ಎತ್ತುವವರಿಗೆ ಇದರಿಂದ ಕಷ್ಟವಾಯಿತು. ನಮ್ಮ ಭಾವನಿಗೂ ಆಯಿತು.

ಆ್ಯಪು ತೆರೆದರೆ, ನಿಮ್ಮ ಸಿಮ್ಮು ಈ ಫೋನಿನಲ್ಲಿಲ್ಲ ಎಂದಿತು. ಅಳಿಯನ ಲ್ಯಾಪ್‌ಟಾಪಿನಲ್ಲಿ ನೆಟ್ ಬ್ಯಾಂಕಿಂಗ್ ತೆರೆದರೆ, ಒಟಿಪಿ ಕಳಿಸಿದ್ದೇವೆ ಎಂದಿತು. ಒಟಿಪಿ ಬರುವುದು ಗುತ್ತಿಗಾರಿನ ಕಪಾಟಿನೊಳಗಿನ ಫೋನಿಗೆ. ಅಲ್ಲಿ ಬೆಳಿಗ್ಗೆ ಹನ್ನೊಂದು, ನಮಗೆ ಮಧ್ಯಾಹ್ನ ಎರಡೂವರೆ. ಉಂಡು ಅಡ್ಡಾಗುವ ಹೊತ್ತು. ನಾನು ಫೋನು ತೆಗೆದು ಚಾರ್ಜಿಗಿಟ್ಟು ನೋಡಿದರೆ ರೇಂಜು ಸೊನ್ನೆ. ಆ ಮನೆಯಲ್ಲಿ ಮೊಬೈಲಿಗೆ ರೇಂಜು ಸಿಗುವುದು ಹಟ್ಟಿಯ ಹಿಂದಿನ ಗುಡ್ಡೆ ಹತ್ತಿ ಗೇರು ಮರದ ಬುಡದಲ್ಲಿ ನಿಂತರೆ ಮಾತ್ರ. ಭಾವನ ವಾಟ್ಸ್ಆ್ಯಪ್ ಕರೆ ಬರುವುದೋ ಚಾವಡಿಯ ವೈಫೈಗೆ. ಅಂದರೆ ಸುದ್ದಿ ಬರುವ ಜಾಗ ಗುಡ್ಡೆ, ಸುದ್ದಿ ಕಳಿಸುವ ಜಾಗ ಚಾವಡಿ. ನಡುವೆ ಪಾಚಿ ಹಿಡಿದ ಮೆಟ್ಟಿಲು, ಜಡಿಮಳೆ. ಒಟಿಪಿಗೆ ಇರುವ ಆಯುಷ್ಯ ಕೆಲವೇ ನಿಮಿಷ. ಕೊಡೆ ಹಿಡಿದು ಹತ್ತಿ, ಓದಿ, ಬಾಯಿಪಾಠ ಮಾಡುತ್ತಾ ಇಳಿದು ಬಂದು ಹೇಳುವಷ್ಟರಲ್ಲಿ ಮ್ಯೂನಿಕ್‌ನಲ್ಲಿ ಅವಧಿ ಮುಗಿದಿತ್ತು.

ಮದ್ದು ಬಿಡಲು ಬಂದು, ಮಳೆ ಬಿಡುವುದನ್ನು ಕಾಯುತ್ತಾ ಕೊಟ್ಟಿಗೆಯಲ್ಲಿ ಬೀಡಿ ಸೇದುತ್ತಿದ್ದ ಆಳಿಗೆ ನಮ್ಮ ಪಾಡು ನೋಡಿ ಕನಿಕರ ಬಂತು. “ಎಂಕ್ ಕೊರ್ಲೆ ಅಣ್ಣೇರೆ” ಎಂದು ಬಟನ್ ಫೋನು ಕಸಿದುಕೊಂಡು ಗುಡ್ಡೆ ಹತ್ತಿದ. ನಾನು ಚಾವಡಿಯ ಬಾಗಿಲಲ್ಲಿ ನಿಂತೆ, ಕಿವಿ ಗುಡ್ಡೆಗೆ, ಬಾಯಿ ಜರ್ಮನಿಗೆ. ಮೇಲಿಂದ ಕೂ ಹಾಕಿ ಆತ ತುಳುವಿನಲ್ಲಿ ಒಂದೊಂದೇ ಅಂಕೆ ಬಿಸಾಡಿದ: “ಎಣ್ಮ! ರಡ್ಡ್! ಮೂಜಿ!” ಮಳೆಯ ಸದ್ದಿನಲ್ಲಿ ಅದು ಮೂಜಿಯೋ ಆಜಿಯೋ ಒಂಜಿಯೋ ದೇವರಿಗೇ ಗೊತ್ತು. ತುಳುವಿನ ಒಂದು, ಮೂರು, ಆರು ಜಡಿಮಳೆಗೆ ಹೇಳಿ ಮಾಡಿಸಿದವಲ್ಲ. “ಮೂಜಿಯಾ ಆಜಿಯಾ?” ಎಂದು ನಾನು ಕೂಗಿದೆ. “ಮೂಜಿ! ರಡ್ಡ್ ಆಯಿಬೊಕ್ಕ ಬರ್ಪುನ ಮೂಜಿ!” ಅಲ್ಲಿಂದ ನನ್ನ ಬಾಯಿಗೆ ಬಂದು ಕನ್ನಡವಾಗಿ, ಮ್ಯೂನಿಕ್ ಮುಟ್ಟಿ ಅಳಿಯನ ಬೆರಳಲ್ಲಿ ಇಂಗ್ಲಿಷಾಗಿ, ಕೊನೆಗೂ ಆರು ಅಂಕೆ ಹೊಟ್ಟೆಗೆ ಬಿದ್ದ ಮೇಲೆ ಬ್ಯಾಂಕಿನ ಬಾಗಿಲು ತೆರೆಯಿತು. ಒಟಿಪಿಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂದು ಅದೇ ಸಂದೇಶದ ಅಡಿಯಲ್ಲಿ ಬರೆದಿತ್ತಂತೆ. ಕೇಳಿಸಿಕೊಂಡವರು ನಾವು ಮೂವರು, ಮತ್ತೆ ನೆರೆಮನೆಯ ನಾಯಿ. ಅದು ಬೊಗಳಿದ್ದೂ ಉಂಟು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಾಗಿಲು ತೆರೆದ ಖುಷಿಯಲ್ಲಿ ಭಾವ ಮರುದಿನ ಒಬ್ಬರೇ ಪೇಟೆಗೆ ಹೋಗಿ, ಪ್ರವಾಸಿಗರು ಓಡಾಡುವ ಬೀದಿಯಲ್ಲಿ ಥಳಥಳ ಹೊಳೆಯುವ ಒಂದು ಯಂತ್ರದ ಎದುರು ನಿಂತರು. ಬ್ಯಾಂಕಿಗೆ ಸೇರಿದ್ದಲ್ಲ, ಯಾವುದೋ ಕಂಪೆನಿಯದು. ಅಂಥವು ಯುರೋಪಿನ ಪೇಟೆಗಳಲ್ಲಿ ಬೇಕಾದಷ್ಟಿವೆ. 200 ಯೂರೋ ಕೇಳಿದರು. ಆಗ ಪರದೆಯ ಮೇಲೆ ಮೂಡಿತು ನೋಡಿ, ನಮ್ಮ ರೂಪಾಯಿ! ನಿಮ್ಮ ಖಾತೆಯಿಂದ ಇಷ್ಟು ರೂಪಾಯಿ ಕಳೆಯುತ್ತೇವೆ, ದರ ಇಂತಿಷ್ಟು, ಖಾತ್ರಿ, ಒಪ್ಪಿಗೆಯೋ? ಎಂದು ಕೇಳಿತು. ಪರದೇಶದಲ್ಲಿ, ಭಾಷೆ ತಿಳಿಯದ ಊರಿನಲ್ಲಿ, ಸಾವಿರಾರು ಮೈಲಿ ದೂರದಿಂದ ಬಂದವನ ಎದುರು ಗೋಡೆಯೊಂದು ರೂಪಾಯಿಯಲ್ಲಿ ಮಾತನಾಡಿದರೆ ಯಾರ ಎದೆ ಕರಗುವುದಿಲ್ಲ? ಭಾವ ಹಸಿರು ಗುಂಡಿ ಒತ್ತಿದರು. ಗರಿಗರಿ ನೋಟು ಬಂತು. “ಎಂಥಾ ಮರ್ಯಾದೆಯ ಯಂತ್ರ ಭಾವ!” ಎಂದು ಆ ರಾತ್ರಿ ಹೊಗಳಿದ್ದೇ ಹೊಗಳಿದ್ದು.

ಈ ಭಾವ ಅಡಿಕೆ ಮಾರುವುದನ್ನು ನೀವು ನೋಡಬೇಕು. ಹೊಸತು, ಹಳತು, ಡಬಲ್ ಚೋಲು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಅಂಗಳದಲ್ಲಿ ಬೇರೆ ಬೇರೆ ರಾಶಿ. ಬೆಳಿಗ್ಗೆ ಪುತ್ತೂರಿನ ಧಾರಣೆ, ಮಧ್ಯಾಹ್ನ ಬೆಳ್ಳಾರೆಯದು, ಸಂಜೆ ಕ್ಯಾಂಪ್ಕೋದ್ದು. ಕಿಲೋಗೆ ಎರಡು ರೂಪಾಯಿ ವ್ಯತ್ಯಾಸ ಕಂಡರೆ ಗೋಣಿಯ ಬಾಯಿ ಮತ್ತೆ ಹೊಲಿದು ಅಟ್ಟ ಹತ್ತಿಸುವವರು. ಅಂಗಡಿಯವನು ತೂಕಕ್ಕೆ ಮೊದಲೇ ಕಾಫಿ ತರಿಸಿದರೆ “ಇವತ್ತು ಧಾರಣೆಯಲ್ಲಿ ಎಂತದೋ ಉಂಟು” ಎಂದು ಎದ್ದು ಬರುವ ಮನುಷ್ಯ. ಅಂಥವರು ಆ ಯಂತ್ರದ ಎದುರು ಒಂದು ಯೂರೋಗೆ ಧಾರಣೆ ಎಷ್ಟು, ಪಕ್ಕದ ಅಂಗಡಿಯಲ್ಲಿ ಎಷ್ಟು ಎಂದು ಕೇಳಲೇ ಇಲ್ಲ. ಕೇಳಲಿಕ್ಕುಂಟು ಎಂದೇ ಅನ್ನಿಸಲಿಲ್ಲ. ದುಡ್ಡಿಗೂ ಧಾರಣೆ ಇದೆ, ಯೂರೋವನ್ನೂ ಒಬ್ಬ ಮಾರುತ್ತಾನೆ, ನಾವು ಕೊಳ್ಳುತ್ತೇವೆ ಎಂಬುದು ಅಡಿಕೆ ಬೆಳೆಗಾರನಿಗೇ ಹೊಳೆಯದಿದ್ದರೆ ಇನ್ನು ಯಾರಿಗೆ ಹೊಳೆಯಬೇಕು?

ಲೆಕ್ಕ ಹೀಗೆ. ಸುಲಭಕ್ಕೆ ಯೂರೋಗೆ ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಯಂತ್ರಕ್ಕೆ “ರೂಪಾಯಿ ಬೇಡ, ಯೂರೋದಲ್ಲೇ ಇರಲಿ” ಎಂದರೆ, ಲೆಕ್ಕ ವೀಸಾ, ಮಾಸ್ಟರ್‌ಕಾರ್ಡಿನವರ ಆ ದಿನದ ದರದಲ್ಲಿ ನಡೆದು ನಮ್ಮೂರ ಬ್ಯಾಂಕಿಗೆ ಬರುತ್ತದೆ. ಬ್ಯಾಂಕು ಅದರ ಮೇಲೆ ತನ್ನ ಪಾಲು ಹಾಕುತ್ತದೆ, ಶೇಕಡಾ 3.5 ಎಂದುಕೊಂಡರೆ 20,000ಕ್ಕೆ 700. ಹೊರದೇಶದಲ್ಲಿ ದುಡ್ಡು ತೆಗೆದ ಶುಲ್ಕ 125 ಎನ್ನಿ. ಈ ಎರಡರ ಮೇಲೂ ಜಿಎಸ್‌ಟಿ ಶೇಕಡಾ 18. ಒಟ್ಟು 20,973 ಚಿಲ್ಲರೆ. ಇದೇನು ಅಗ್ಗವಲ್ಲ, ಆದರೆ “ರೂಪಾಯಿಯಲ್ಲೇ ಮಾಡಿ” ಎಂದರೆ ಯೂರೋದ ಧಾರಣೆ ಕಟ್ಟುವವನು ಆ ಯಂತ್ರದ ಯಜಮಾನ. ಅವನು 110 ಎಂದರೆ 110. 22,000 ಆಯಿತು, ಅದರ ಮೇಲೆ ನಮ್ಮ ಬ್ಯಾಂಕಿನ 125 ಮತ್ತು ಅದರ ಜಿಎಸ್‌ಟಿ ಹೇಗೂ ತಪ್ಪಲಿಲ್ಲ. ವ್ಯತ್ಯಾಸ 1,174 ರೂಪಾಯಿ. ಎರಡು ಕಿಲೋಗಿಂತ ಹೆಚ್ಚು ಹಳೆ ಅಡಿಕೆ, ಅದೂ ಒಂದು ಗುಂಡಿ ಒತ್ತಿದ್ದಕ್ಕೆ.

ಮುಂದಿನ ಸಲ ಅಳಿಯ ಜತೆಗೆ ಹೋದ. ಈ ಬಾರಿ ಬ್ಯಾಂಕಿನದೇ ಯಂತ್ರ, ಬ್ಯಾಂಕಿನ ಗೋಡೆಯೊಳಗಿನದು. ಅಂಥ ಕೆಲವು ಯಂತ್ರಗಳೂ ಈ ಪ್ರಶ್ನೆ ಕೇಳುತ್ತವೆ. ಮತ್ತೆ ರೂಪಾಯಿ ಮೂಡಿತು. ಭಾವನ ಬೆರಳು ಹಸಿರಿನ ಕಡೆಗೆ ಹೋಯಿತು. ಹಿಂದಿನಿಂದ ಅಳಿಯ ಮೆತ್ತಗೆ ಅಂದ: “ಬೇಡ ಅನ್ನಿ ಮಾವ.” ಭಾವನಿಗೆ ಗಾಬರಿ. ಬೇಡ ಎಂದರೆ ದುಡ್ಡೇ ಬರದಿದ್ದರೆ? ಕಾರ್ಡು ನುಂಗಿದರೆ? ಯಂತ್ರದವರು ಆ ಪ್ರಶ್ನೆಯನ್ನು ಕೇಳುವ ರೀತಿಯೇ ಹಾಗೆ. ಒಪ್ಪಿಗೆ ಎಂಬುದು ದೊಡ್ಡ ಅಕ್ಷರದಲ್ಲಿ ಕೈಗೆ ಸಿಗುವಲ್ಲಿ, ಬೇಡ ಎಂಬುದು ಇಡೀ ವ್ಯವಹಾರವನ್ನೇ ರದ್ದು ಮಾಡಿದ ಹಾಗೆ ಮೂಲೆಯಲ್ಲಿ. ರದ್ದಾಗುವುದು ರೂಪಾಯಿಯ ಲೆಕ್ಕ ಮಾತ್ರ, ನೋಟು ಬಂದೇ ಬರುತ್ತದೆ. ನಮ್ಮ ಕಡೆಯವರಿಗೆ ಊಟಕ್ಕೆ ಕುಳಿತಲ್ಲಿ ಬೇಡ ಎನ್ನಲು ಎರಡು ಕೈ ಅಡ್ಡ ಹಿಡಿದು ಅಭ್ಯಾಸವುಂಟು, ಯಂತ್ರಕ್ಕೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಭಾವ ಕಣ್ಣು ಮುಚ್ಚಿ ಬೇಡ ಎಂದು ಒತ್ತಿದರು. ಯಂತ್ರ ಬೇಸರ ಮಾಡಿಕೊಳ್ಳದೆ ದುಡ್ಡು ಕೊಟ್ಟಿತು.

ಇದು ಜರ್ಮನಿಗೆ ಮಾತ್ರ ಸೀಮಿತವಲ್ಲ. ಥಾಯ್ಲೆಂಡಿಗೆ ಹೋಗಿಬಂದ ನಮ್ಮ ಬೀದಿಯ ದಂಪತಿ ಹೇಳುವಂತೆ ಅಲ್ಲಿನ ಎಟಿಎಂ ಹೊರಗಿನ ಕಾರ್ಡಿಗೆ ಪ್ರತಿ ಸಲ 220 ಬಾತ್ ಕಿತ್ತುಕೊಳ್ಳುತ್ತಿತ್ತು, ಸಾವಿರ ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಅಂಥಲ್ಲಿ ದಿನಾ ಸ್ವಲ್ಪ ಸ್ವಲ್ಪ ತೆಗೆಯುವ ನಮ್ಮ ಮಿತವ್ಯಯವೇ ದುಂದು. ಜಪಾನಿನಲ್ಲಿ ಕೆಲವು ಬ್ಯಾಂಕಿನ ಯಂತ್ರ ನಮ್ಮ ಕಾರ್ಡನ್ನು ಮೂಸಿಯೂ ನೋಡುವುದಿಲ್ಲ, ಆದರೆ ಸೆವೆನ್ ಇಲೆವೆನ್ ಎಂಬ ದಿನಸಿ ಅಂಗಡಿಯೊಳಗಿನ ಯಂತ್ರ ಕರೆದು ಕೊಡುತ್ತದೆ. ವಿಯೆಟ್ನಾಮಿನಲ್ಲಿ ಹತ್ತು ಸಾವಿರ ರೂಪಾಯಿಗೆ ಲಕ್ಷಗಳಲ್ಲಿ ಡಾಂಗ್ ಬಂದು, ಸೊನ್ನೆ ಎಣಿಸುವುದರಲ್ಲೇ ಪ್ರವಾಸ ಮುಗಿಯುತ್ತದೆ. ಹೊಸ ಕಾಲದವರು ಇದಕ್ಕೆಲ್ಲ ನಗುತ್ತಾರೆ. 2024ರ ಫೆಬ್ರವರಿಯಿಂದ ಐಫೆಲ್ ಟವರಿನ ಟಿಕೆಟಿಗೂ ಯುಪಿಐ ನಡೆಯುತ್ತದೆ, ಶ್ರೀಲಂಕಾ, ಮಾರಿಷಸ್‌ಗಳಲ್ಲಿ ನಡೆಯುತ್ತದೆ, ರುಪೇ ಕಾರ್ಡು ಅಬುಧಾಬಿಯಲ್ಲಿ ನಡೆಯುತ್ತದೆ ಎನ್ನುತ್ತಾರೆ. ನಡೆಯಲಿ. ಆದರೆ ಮ್ಯೂನಿಕ್‌ನ ಸ್ಟೇಷನ್ನಿನಲ್ಲಿ ಅವಸರ ತಡೆಯದೆ ನಿಂತವನಿಗೆ ಐಫೆಲ್ ಟವರಿನಿಂದೇನು ಪ್ರಯೋಜನ?

ಭಾವ ಊರಿಗೆ ಮರಳಿದ ಮೇಲೆ ಮಾಡಿದ ಮೊದಲ ಕೆಲಸ ಸುಳ್ಯಕ್ಕೆ ಹೋಗಿ ಪಾಸ್‌ಪುಸ್ತಕಕ್ಕೆ ಎಂಟ್ರಿ ಹಾಕಿಸಿದ್ದು. ಜತೆಗೆ ನಾನೂ ಹೋಗಿದ್ದೆ. ಬ್ಯಾಂಕಿನ ಬೆಂಚಿನ ಮೇಲೆ ಕುಳಿತು, ಪುಸ್ತಕವನ್ನು ಮೊಣಕಾಲ ಮೇಲೆ ಹರಡಿ, ಪೆನ್ನಿನ ತುದಿಯಿಂದ ಒಂದೊಂದೇ ಸಾಲು ಒತ್ತುತ್ತಾ ಬಂದರು. 200 ಯೂರೋದ ಎರಡು ಸಾಲು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಸಾವಿರ ದಾಟಿದ ಅಂತರ. ಅದರ ಕೆಳಗೆ ಶುಲ್ಕದ ಸಣ್ಣ ಸಣ್ಣ ಸಾಲುಗಳು, ಅರ್ಧಂಬರ್ಧ ಇಂಗ್ಲಿಷ್ ಅಕ್ಷರಗಳಲ್ಲಿ, ಸ್ವರಗಳನ್ನೆಲ್ಲ ಇಲಿ ತಿಂದ ಹಾಗೆ. ಭಾವ ತುಂಬ ಹೊತ್ತು ಮಾತಾಡಲಿಲ್ಲ. ಮತ್ತೆ ಕೌಂಟರಿಗೆ ಹೋಗಿ ಕೇಳಿದರು. ಅಲ್ಲಿದ್ದ ಹುಡುಗಿ ಹೊರರಾಜ್ಯದವಳು. ಪಾಪ, ತನಗೆ ಬರುವ ನಾಲ್ಕು ಕನ್ನಡ ಪದಗಳಿಗೆ ಹಿಂದಿ ಬೆರೆಸಿ ವಿವರಿಸಲು ನೋಡಿದಳು. ದರಪಟ್ಟಿ ಎಲ್ಲಿದೆ ಎಂದರೆ ವೆಬ್‌ಸೈಟಿನಲ್ಲಿದೆ ಎಂದಳು. ನಿಜ, ಅಲ್ಲಿದೆ. ಇಂಗ್ಲಿಷಿನಲ್ಲಿ, ಪುಟಗಟ್ಟಲೆ ಅಡಿಟಿಪ್ಪಣಿಗಳ ಸಮೇತ. ಒಂದು ಮಾತು ಒಪ್ಪಬೇಕು, ಭಾವನ ಆ ಸಾವಿರ ಚಿಲ್ಲರೆಯನ್ನು ತಿಂದದ್ದು ನಮ್ಮ ಬ್ಯಾಂಕಲ್ಲ. ಆದರೆ ಹೊರಡುವ ಮೊದಲು ಎಚ್ಚರಿಸಬಹುದಾಗಿದ್ದದ್ದು ನಮ್ಮ ಬ್ಯಾಂಕು ಮಾತ್ರ.

ವರ್ಷಕ್ಕೆ ಹತ್ತು ಲಕ್ಷ ದಾಟಿ ಹೊರಗೆ ಒಯ್ದರೆ ತೆರಿಗೆ ಮುಂಗಡವಾಗಿ ಹಿಡಿಯುತ್ತಾರೆ ಎಂಬ ನಿಯಮವೂ ಉಂಟು. ಅದನ್ನು ಕೇಳಿ ಭಾವ ನಕ್ಕುಬಿಟ್ಟರು. ಆ ಮಟ್ಟಿಗೆ ನಮ್ಮೂರವರು ನಿಶ್ಚಿಂತರು.

ಹಾಗಾಗಿ ಈ ಕಡೆಯ ಬ್ಯಾಂಕ್ ಶಾಖೆಗಳ ಮ್ಯಾನೇಜರುಗಳಲ್ಲಿ ನನ್ನದೊಂದು ಅರ್ಜಿ. ಪಿಗ್ಮಿಯ ಎರಡಾಣೆಗಾಗಿ ಹಿಂದೆ ನಿಮ್ಮವರು ಮನೆ ಬಾಗಿಲಿಗೆ ಬಂದಿದ್ದರು, ಅಷ್ಟು ದೂರ ಈಗ ಬರುವುದು ಬೇಡ. ಕೌಂಟರಿನ ಗಾಜಿಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿ. ಹೊರದೇಶಕ್ಕೆ ಹೋಗುವವರು ಕಾರ್ಡನ್ನು ಇಲ್ಲಿಯೇ ತೆರೆಸಿಕೊಳ್ಳಬೇಕು. ಬ್ಯಾಂಕಿಗೆ ಕೊಟ್ಟ ನಂಬ್ರದ ಸಿಮ್ಮನ್ನು ಜತೆಗೇ ಒಯ್ಯಬೇಕು. ನಾವು ತೆಗೆದುಕೊಳ್ಳುವ ಪಾಲು ಇಷ್ಟು, ಶುಲ್ಕ ಇಷ್ಟು. ಅಲ್ಲಿನ ಯಂತ್ರ ರೂಪಾಯಿಯ ಮಾತೆತ್ತಿದರೆ ಬೇಡ ಎನ್ನಬೇಕು. ನಾಲ್ಕೇ ಸಾಲು. ಓದಲು ಕನ್ನಡಕವಷ್ಟೇ ಸಾಕಾಗುವ ಅಕ್ಷರದಲ್ಲಿರಲಿ. ಆ ಹಾಳೆ ಗಾಜಿನ ಮೇಲೆ ಬರುವವರೆಗೆ, ಓದುಗರೇ, ನಿಮ್ಮಲ್ಲಿ ಯಾರಾದರೂ ಹೊರಡುವವರಿದ್ದರೆ ಈ ಪುಟವನ್ನೇ ಹರಿದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ. ಸಂಪಾದಕರಿಗೆ ನಾನು ಹೇಳಿಕೊಳ್ಳುತ್ತೇನೆ.